ಅಪರಾಧಶೋಧನೆಯ ಆಚಾರ್ಯ ಹಾನ್ಸ್ ಗ್ರೋಸ್

ಬಿ.ಎ. ತರಗತಿಗೆ ಸೇರುವಾಗ ಅಪರಾಧಶಾಸ್ತ್ರವನ್ನು ನಾನೇ ಆರಿಸಿಕೊಂಡೆನೆಂದು ಹೇಳಿದರೆ ಅದು ಪೂರ್ಣ ಸತ್ಯವಾಗಲಾರದು. ಅರ್ಥಶಾಸ್ತ್ರದ ಸ್ಥಳಗಳೆಲ್ಲ ತುಂಬಿದ್ದವು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ಅವಸರಪಡಿಸುತ್ತಿದ್ದರು. ಅರ್ಜಿಯಲ್ಲಿ ಖಾಲಿ ಉಳಿದಿದ್ದ ಕಡೆ ಒಂದು ಗುರುತು ಹಾಕಿ ಮನೆಗೆ ಬಂದೆನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇಲ್ಲ. ಆದ್ದರಿಂದ ಯಾವ ವಿಷಯ ತೆಗೆದುಕೊಂಡರೆ ಏನಾಗುತ್ತದೆಂದು ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಆ ವಿಷಯದ ಹೆಸರನ್ನು ಅಜ್ಜನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೋಲೀಸರು ಓದುವ ಪಾಠವೇ ಎಂದು ಕೇಳಿದನು. ಅಲ್ಲವೆಂದೆನು. ಅವನು ಏಕೆ ಹಾಗೆ ಕೇಳಿದನೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಟಿಪ್ಪಣಿಗಳಲ್ಲಿ ಹಾನ್ಸ್ ಗ್ರೋಸನಿಗೆ ಒಂದೇ ಸಾಲು ಮೀಸಲಾಗಿದೆ: ಆಸ್ಟ್ರಿಯ ದೇಶದವನು, ೧೮೯೩ರಲ್ಲಿ ಗ್ರಂಥ ಬರೆದನು, ಅಪರಾಧಶೋಧನ ಶಾಸ್ತ್ರದ ಜನಕ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಒಂದು ಶಾಸ್ತ್ರಕ್ಕೆ ತಂದೆಯಾದವನು ಮನೆಯಲ್ಲಿ ಎಂಥ ತಂದೆಯಾಗಿದ್ದನೆಂಬುದನ್ನು ಅಕಸ್ಮಾತ್ತಾಗಿ ಓದಿದ ಮೇಲೆ ಆ ಒಂದು ಸಾಲು ನನಗೆ ಸಾಲದೆ ಹೋಯಿತು.

ಗ್ರೋಸನು ೧೮೪೭ನೆಯ ಇಸವಿ ಡಿಸೆಂಬರ್ ೨೬ರಂದು ಸ್ಟೈರಿಯ ಪ್ರಾಂತದ ರಾಜಧಾನಿಯಾದ ಗ್ರಾಟ್ಸ್ ನಗರದಲ್ಲಿ ಹುಟ್ಟಿದನು. ಅದೇ ಊರಿನಲ್ಲಿ ನ್ಯಾಯಶಾಸ್ತ್ರ ಓದಿ ೧೮೭೦ರಲ್ಲಿ ಡಾಕ್ಟರ್ ಪದವಿ ಪಡೆದನು. ಅನಂತರ ತನಿಖಾ ನ್ಯಾಯಾಧೀಶನಾಗಿ ಫೆಲ್ಡ್‌ಬಾಖ್ ಮೊದಲಾದ ಸಣ್ಣ ಊರುಗಳಲ್ಲಿ ಕೆಲಸ ಮಾಡಿದನು. ಈ ಹುದ್ದೆ ನಮ್ಮಲ್ಲಿಲ್ಲ. ನಮ್ಮ ದೇಶದಲ್ಲಿ ಪೋಲೀಸರು ತನಿಖೆ ಮಾಡುತ್ತಾರೆ, ನ್ಯಾಯಾಧೀಶರು ಪೀಠದ ಮೇಲೆ ಕುಳಿತು ಕೇಳುತ್ತಾರೆ. ಅಲ್ಲಿ ಹಾಗಲ್ಲ, ಕೊಲೆಯಾಯಿತೆಂದು ಸುದ್ದಿ ಬಂದರೆ ನ್ಯಾಯಾಧೀಶನೇ ಗಾಡಿ ಹತ್ತಿ ಹಳ್ಳಿಗೆ ಹೋಗಬೇಕು, ಹೆಣವನ್ನು ನೋಡಬೇಕು, ಸಾಕ್ಷಿಗಳನ್ನು ಕೂಡಿಸಿಕೊಂಡು ಕೇಳಬೇಕು. ಅವನ ಕೈಕೆಳಗಿನ ಕಾವಲುಗಾರರು ಬಹುಮಟ್ಟಿಗೆ ಹಳೆಯ ಸಿಪಾಯಿಗಳು. ಅವರಿಗೆ ಕಳ್ಳನನ್ನು ಹಿಡಿದು ತರುವುದು ಗೊತ್ತು, ಕಳ್ಳ ಯಾರೆಂದು ಕಂಡುಹಿಡಿಯುವುದು ಗೊತ್ತಿಲ್ಲ. ಇನ್ನು ನ್ಯಾಯಾಧೀಶನಿಗಾದರೋ ರೋಮನರ ಕಾನೂನು ಬಾಯಿಪಾಠವಾಗಿದೆ. ಆದರೆ ಕೆಸರಿನಲ್ಲಿ ಮೂಡಿದ ಹೆಜ್ಜೆ ಓಡಿದವನದೋ ನಡೆದವನದೋ ಎಂದು ಹೇಳಲು ಬಾರದು. ಈ ಪೇಚಿನಲ್ಲಿ ಸಿಕ್ಕಿದವರು ಸಾವಿರಾರು ಮಂದಿ ಇದ್ದಿರಬೇಕು. ಗ್ರೋಸನು ತಿಳಿಯದುದನ್ನೆಲ್ಲ ಕೇಳಿ ಕೇಳಿ ಬರೆದಿಟ್ಟುಕೊಳ್ಳತೊಡಗಿದನು.

ಆ ಬರವಣಿಗೆಯೇ ಬೆಳೆದು ೧೮೯೩ರಲ್ಲಿ ತನಿಖಾ ನ್ಯಾಯಾಧೀಶರ ಕೈಪಿಡಿಯಾಗಿ ಅಚ್ಚಾಯಿತು. ಕೈಪಿಡಿಯೆಂದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೆಂದು ವಾಚಕರು ತಿಳಿಯಬಾರದು. ಸಾಕ್ಷಿಯನ್ನು ಕೇಳುವ ಬಗೆ, ತಜ್ಞರಿಂದ ಕೆಲಸ ತೆಗೆಯುವ ಬಗೆ, ಹೆಜ್ಜೆಯ ಅಚ್ಚು ತೆಗೆಯುವುದು, ರಕ್ತದ ಕಲೆ, ಆಯುಧ, ಗುಪ್ತಲಿಪಿ, ಕಳ್ಳರ ಒಳಭಾಷೆ, ಮೂಢನಂಬಿಕೆಗಳು, ಕಳವು, ಮೋಸ, ಬೆಂಕಿ ಹಚ್ಚುವುದು, ಹೀಗೆ ಅದರಲ್ಲಿಲ್ಲದ ವಿಷಯವಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವನ ಚೀಲ. ಘಟನೆಯ ಸ್ಥಳಕ್ಕೆ ಹೊರಡುವ ಅಧಿಕಾರಿಯ ಕೈಯಲ್ಲಿ ಸದಾ ಸಿದ್ಧವಾದ ಒಂದು ಚೀಲವಿರಬೇಕೆಂದು ಅವನ ಮತ. ಅದರಲ್ಲಿ ಕಾಗದ, ಶಾಯಿ, ಅಳತೆಯ ಪಟ್ಟಿ, ದಿಕ್ಸೂಚಿ, ಅಚ್ಚು ತೆಗೆಯುವ ಗಾರೆಪುಡಿ, ಮೇಣದ ಬತ್ತಿ; ಸಾಯುತ್ತಿರುವವನಿಂದ ಪ್ರಮಾಣ ಮಾಡಿಸಬೇಕಾದೀತೆಂದು ಒಂದು ಸಣ್ಣ ಶಿಲುಬೆ; ಕಡೆಗೆ, ಚಿಕ್ಕ ಮಕ್ಕಳನ್ನು ವಿಚಾರಿಸುವಾಗ ಅವರ ಹೆದರಿಕೆ ಕಳೆಯಲು ಒಂದಿಷ್ಟು ಮಿಠಾಯಿ. ಮಿಠಾಯಿಯ ಮಾತನ್ನು ಓದಿದಾಗ ಈ ಮನುಷ್ಯನು ಕುರ್ಚಿಯಲ್ಲಿ ಕುಳಿತು ಪುಸ್ತಕ ಹೊಸೆದವನಲ್ಲ, ಹಳ್ಳಿಯ ಮನೆಯ ಹೊಸ್ತಿಲಲ್ಲಿ ಅಳುವ ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವನೆಂದು ನನಗೆ ದೃಢವಾಯಿತು.

ಇನ್ನೊಂದು ದೃಷ್ಟಾಂತ ಧೂಳಿನದು. ಕೊಲೆಯಾದ ಸ್ಥಳದಲ್ಲಿ ಒಂದು ಅಂಗಿ ಬಿದ್ದಿದೆ, ಯಾರದೆಂದು ತಿಳಿಯದು. ಆ ಅಂಗಿಯನ್ನು ಗಟ್ಟಿ ಕಾಗದದ ಚೀಲದಲ್ಲಿ ಹಾಕಿ ಹೊರಗಿನಿಂದ ಚೆನ್ನಾಗಿ ಬಡಿದು, ಉದುರಿದ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಮರದ ಹುಡಿ ಕಾಣುತ್ತದೆ. ಅಂದಮೇಲೆ ಅಂಗಿಯ ಒಡೆಯನು ಮರಗೆಲಸದವನು. ಆದರೆ ಹುಡಿಯ ಜೊತೆಗೆ ಸರೇಸಿನ ಕಣಗಳೂ ಇವೆ. ಒರಟು ಬಡಗಿಗೆ ಸರೇಸು ಬೇಡ, ಆದ್ದರಿಂದ ಇವನು ಮೇಜು ಕುರ್ಚಿ ಜೋಡಿಸುವವನು. ಹೀಗೆ ಹಿಡಿ ಧೂಳಿನಿಂದ ಒಬ್ಬ ಮನುಷ್ಯನ ಕಸುಬು ಹೊರಬಿತ್ತು. ಮನುಷ್ಯರಿಗಿಂತ ವಸ್ತುಗಳನ್ನು ಹೆಚ್ಚಾಗಿ ನಂಬಬೇಕೆಂಬುದು ಗ್ರೋಸನ ಮೂಲ ಸಿದ್ಧಾಂತ. ಸಾಕ್ಷಿಗಳೆಲ್ಲ ಸುಳ್ಳು ಹೇಳುತ್ತಾರೆಂದು ಅವನು ಭಾವಿಸಲಿಲ್ಲ. ಪ್ರಾಮಾಣಿಕನಾದವನೂ ಮಬ್ಬಿನಲ್ಲಿ ತಪ್ಪು ಕಾಣುತ್ತಾನೆ, ತಪ್ಪು ನೆನೆಯುತ್ತಾನೆ, ತನಗೆ ಬೇಕಾದುದನ್ನು ಕಂಡಂತೆ ತಿಳಿಯುತ್ತಾನೆ. ಇದನ್ನೇ ವಿಸ್ತರಿಸಿ ೧೮೯೮ರಲ್ಲಿ ಅಪರಾಧ ಮನಶ್ಶಾಸ್ತ್ರವೆಂಬ ಬೇರೊಂದು ಗ್ರಂಥವನ್ನು ಬರೆದನು. ಅದರಲ್ಲಿ ನ್ಯಾಯಾಧೀಶನ ಮನಸ್ಸಿನ ದೋಷಗಳೂ ಪರೀಕ್ಷೆಗೆ ಒಳಗಾಗಿವೆ.

ಅದೇ ೧೮೯೮ರಲ್ಲಿ ಈ ಶಾಸ್ತ್ರಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದನು. ಆದರೂ ಅವನ ಆಸೆ ಪುಸ್ತಕ ಪತ್ರಿಕೆಗಳಿಗೆ ನಿಲ್ಲುವಂಥದಾಗಿರಲಿಲ್ಲ. ಈ ವಿದ್ಯೆಯನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಸಬೇಕು, ಹೆಜ್ಜೆ ಧೂಳುಗಳೂ ಶಾಸ್ತ್ರವೆನಿಸಿಕೊಳ್ಳಬೇಕು ಎಂಬುದು ಅವನ ಹಟ. ಐವತ್ತರ ವಯಸ್ಸಿನ ಆಸುಪಾಸಿನಲ್ಲಿ ಆತನಿಗೆ ಪ್ರಾಧ್ಯಾಪಕ ಪದವಿ ದೊರೆಯಿತು. ಅದೂ ತನ್ನ ಊರಿನಲ್ಲಲ್ಲ, ಸಾಮ್ರಾಜ್ಯದ ಪೂರ್ವದ ತುದಿಯಲ್ಲಿದ್ದ ಚೆರ್ನೊವಿಟ್ಸ್ ಎಂಬಲ್ಲಿ. ಆ ಊರು ಈಗ ಯುಕ್ರೇನಿನಲ್ಲಿದೆ. ಅಲ್ಲಿಂದ ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾನಿಲಯಕ್ಕೆ ಹೋದನು. ಅಲ್ಲಿ ಅವನ ಪಾಠ ಕೇಳಿದ ವಿದ್ಯಾರ್ಥಿಗಳಲ್ಲಿ ಫ್ರಾಂಟ್ಸ್ ಕಾಫ್ಕ ಎಂಬ ತರುಣನೊಬ್ಬನು. ಮುಂದೆ, ತಪ್ಪೇನೆಂದು ತಿಳಿಯದೆ ಬಂಧನಕ್ಕೊಳಗಾದ ಮನುಷ್ಯನ ಕಥೆಯನ್ನು ಬರೆದವನು ಈತನೇ. ೧೯೦೫ರಲ್ಲಿ ಗ್ರೋಸನು ಗ್ರಾಟ್ಸ್‌ಗೆ ಹಿಂದಿರುಗಿದನು. ೧೯೧೨ರಲ್ಲಿ ಅಲ್ಲಿ ಅಪರಾಧಶೋಧನೆಯ ವಿಶ್ವವಿದ್ಯಾನಿಲಯ ಸಂಸ್ಥೆ ಸ್ಥಾಪನೆಯಾಯಿತು. ಅವನು ವರ್ಷಗಟ್ಟಲೆ ಕೂಡಿಹಾಕಿದ ಕತ್ತಿ, ಬಂದೂಕು, ಖೋಟಾ ನಾಣ್ಯಗಳೇ ಮೊದಲಾದವು ಅಲ್ಲಿ ಪಾಠದ ಸಲಕರಣೆಗಳಾದವು. ಆ ಸಂಗ್ರಹವನ್ನು ಇಂದಿಗೂ ಆ ವಿಶ್ವವಿದ್ಯಾನಿಲಯದಲ್ಲಿ ಕಾಣಬಹುದು. ಆದರೆ ಸತ್ಯಕ್ಕೆ ಅಪಚಾರವಾಗಬಾರದು: ಇಂಥ ವಿದ್ಯಾಲಯಗಳಲ್ಲಿ ಮೊದಲನೆಯದೆಂಬ ಕೀರ್ತಿ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದಲ್ಲಿ ರೈಸ್ ಎಂಬಾತನು ೧೯೦೯ರಲ್ಲಿ ತೆರೆದ ಶಾಲೆಗೆ ಸಲ್ಲುತ್ತದೆ. ನಮ್ಮ ದೇಶದಲ್ಲಿ ಸಾಗರ ವಿಶ್ವವಿದ್ಯಾನಿಲಯವು ೧೯೫೯ರಲ್ಲಿ ಈ ವಿಭಾಗವನ್ನು ತೆರೆಯಿತು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಅಪರಾಧಶಾಸ್ತ್ರ ಮತ್ತು ನ್ಯಾಯವಿಜ್ಞಾನಗಳನ್ನು ಎಂ.ಎ.ವರೆಗೆ ಓದಬಹುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಶಿಕ್ಷೆಯಾಗಬಲ್ಲ ಅಪರಾಧಗಳ ಸ್ಥಳಕ್ಕೆ ನ್ಯಾಯವಿಜ್ಞಾನದ ತಜ್ಞನು ಹೋಗಲೇಬೇಕೆಂಬ ನಿಯಮವಿದೆ. ರಾಜ್ಯಗಳು ಐದು ವರ್ಷದೊಳಗೆ ಇದಕ್ಕೆ ಸಿದ್ಧವಾಗಬೇಕು. ಗ್ರೋಸನ ಚೀಲಕ್ಕೆ ಕೊನೆಗೂ ಕಾನೂನಿನ ಬಲ ಬಂದಂತಾಯಿತು.

ಈ ಆಸ್ಟ್ರಿಯದವನಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ ಹೇಳುತ್ತೇನೆ. ಕೈಪಿಡಿಯು ಇಂಗ್ಲಿಷಿಗೆ ಬಂದದ್ದು ಲಂಡನ್ನಿನಿಂದಲ್ಲ, ಮದರಾಸಿನಿಂದ. ಅಲ್ಲಿ ಸರಕಾರದ ವಕೀಲರಾಗಿದ್ದ ಜಾನ್ ಆಡಮ್ ಮತ್ತು ಕಾಲಿಯರ್ ಆಡಮ್ ಎಂಬಿಬ್ಬರು ಅದನ್ನು ಹಿಂದೂಸ್ಥಾನದ ರೂಢಿಗೆ ಹೊಂದಿಸಿ ಅನುವಾದಿಸಿ ೧೯೦೬ರಲ್ಲಿ ಮದರಾಸಿನಲ್ಲಿಯೇ ಅಚ್ಚು ಹಾಕಿಸಿದರು. ಆ ಹಳೆಯ ಮುದ್ರಣದ ಪ್ರತಿ ಈಗ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಾನು ಅದನ್ನು ಕೈಫೋನಿನ ಪುಟ್ಟ ಪರದೆಯ ಮೇಲೆ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಎರಡು ರಜೆಗಳಲ್ಲಿ ಓದಿದೆನು. ಎಲ್ಲವೂ ತಿಳಿಯಿತೆಂದು ಹೇಳಲಾರೆ.

ತಿಳಿದಷ್ಟರಲ್ಲಿ ಒಂದು ಕಡೆ ಮಾತ್ರ ನನ್ನ ಓದು ನಿಂತುಬಿಟ್ಟಿತು. ಗ್ರೋಸನು ತನ್ನ ಗ್ರಂಥದಲ್ಲಿ ಒಂದು ಇಡೀ ಅಧ್ಯಾಯವನ್ನು ಜಿಪ್ಸಿಗಳೆಂಬ ಅಲೆಮಾರಿ ಜನಕ್ಕೆ ಮೀಸಲಿಟ್ಟಿದ್ದಾನೆ. ಧೂಳಿನ ಒಂದು ಕಣವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಿದ ಈ ಮಹಾಶಯನು, ಇಲ್ಲಿ ಮನುಷ್ಯರನ್ನು ಬೇರ್ಪಡಿಸಿ ನೋಡುವುದಿಲ್ಲ. ಆ ಜನವೆಲ್ಲ ಒಂದೇ ಸ್ವಭಾವದವರು, ಕಳ್ಳತನ ಅವರ ಹುಟ್ಟುಗುಣ ಎಂಬಂತೆ ಬರೆಯುತ್ತಾನೆ. ಇದಕ್ಕೆ ಆಧಾರವೇನೆಂದು ಅವನದೇ ಪರೀಕ್ಷಾವಿಧಾನದಿಂದ ಕೇಳಿದರೆ ಉತ್ತರವಿಲ್ಲ.

ನಮ್ಮ ಅಜ್ಜ ಹುಟ್ಟಿದ್ದು ತಂತಿ ಬೇಲಿಯೊಳಗೆ. ಬ್ರಿಟಿಷರ ಸರಕಾರವು ೧೮೭೧ರಲ್ಲಿ ಒಂದು ಕಾನೂನು ಮಾಡಿ ಕೆಲವು ಜಾತಿಗಳನ್ನು ಅಪರಾಧಿ ಬುಡಕಟ್ಟುಗಳೆಂದು ಕರೆಯಿತು. ೧೯೧೧ರ ಕಾನೂನಿನಿಂದ ಅದು ಮದರಾಸ್ ಪ್ರಾಂತಕ್ಕೂ ಹಬ್ಬಿತು. ಮುಂಬಯಿ ಪ್ರಾಂತದಲ್ಲಿದ್ದ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಸೆಟ್ಲಮೆಂಟುಗಳೆಂಬ ವಸತಿಗಳಾದವು. ಅಂಥ ಒಂದು ಸೆಟ್ಲಮೆಂಟಿನಲ್ಲಿ ಅಜ್ಜನ ತಂದೆಗೆ ದಿನವೂ ಹಾಜರಿ ಇತ್ತು. ಚೀಟಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಮದುವೆಗೆ ಹೋದರೂ ಚೀಟಿ, ಹೆಣಕ್ಕೆ ಹೋದರೂ ಚೀಟಿ. ಹತ್ತು ಬೆರಳಿನ ಗುರುತೂ ದಫ್ತರದಲ್ಲಿತ್ತು. ಅವನು ಏನನ್ನೂ ಕದ್ದವನಲ್ಲ. ೧೯೫೨ರಲ್ಲಿ ಆ ಕಾನೂನು ರದ್ದಾಗಿ ಬೇಲಿ ಬಿಚ್ಚಿದಾಗ ಅಜ್ಜ ಮೀಸೆ ಮೂಡುವ ಹುಡುಗ. ಸಂಜೆಯ ಗಂಟೆ ಬಾರಿಸದಿದ್ದರೂ ತನ್ನ ತಂದೆ ಎಷ್ಟೋ ದಿನ ಅದೇ ಹೊತ್ತಿಗೆ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದನೆಂದು ಅವನು ಹೇಳುತ್ತಾನೆ. ಗ್ರೋಸನು ಈ ಕಾನೂನನ್ನು ಮಾಡಿದವನಲ್ಲ, ಅದು ಅವನ ಗ್ರಂಥಕ್ಕಿಂತ ಹಿಂದಿನದು. ಆ ಪಾಪವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅವನ ಅಧ್ಯಾಯವೂ ನಮ್ಮ ಬೇಲಿಯೂ ಒಂದೇ ನಂಬಿಕೆಯಿಂದ ಹುಟ್ಟಿದುವು.

ಆ ನಂಬಿಕೆ ಕಡೆಗೆ ಅವನ ಮನೆಯೊಳಕ್ಕೇ ಬಂದಿತು. ಹುಟ್ಟಿನಿಂದಲೇ ಕೆಟ್ಟವರು, ಸಮಾಜಕ್ಕೆ ಹೊಂದದವರು ಎಂಬವರನ್ನು ದೂರದ ವಸಾಹತುಗಳಿಗೆ ಸಾಗಿಸಬೇಕೆಂದು ಗ್ರೋಸನು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬರೆದನು. ಅವನಿಗೆ ಒಬ್ಬನೇ ಮಗ, ಹೆಸರು ಓಟೋ, ೧೮೭೭ರಲ್ಲಿ ಹುಟ್ಟಿದವನು. ವೈದ್ಯನಾದನು, ಫ್ರಾಯ್ಡನ ಮನೋವಿಶ್ಲೇಷಣೆಯನ್ನು ಕಲಿತನು, ಜಾಣನೆಂದು ಹೆಸರಾದನು. ಜೊತೆಗೆ ಅಫೀಮು ಕೊಕೇನುಗಳ ಚಟಕ್ಕೂ ಬಿದ್ದನು. ತಂದೆಯ ಅಧಿಕಾರ, ಮದುವೆಯ ಕಟ್ಟು, ಸರಕಾರ, ಯಾವುದೂ ಅವನಿಗೆ ಬೇಡ. ಮಗನು ತಂದೆಯ ಪಟ್ಟಿಯೊಳಗಿನ ಮನುಷ್ಯನಾಗಿಬಿಟ್ಟಿದ್ದನು. ೧೯೧೩ರ ನವೆಂಬರಿನಲ್ಲಿ ತಂದೆಯ ಪ್ರಯತ್ನದಿಂದ ಬರ್ಲಿನ್ನಿನ ಪೋಲೀಸರು ಓಟೋನನ್ನು ಹಿಡಿದು ಆಸ್ಟ್ರಿಯದ ಗಡಿ ದಾಟಿಸಿದರು. ಅಲ್ಲಿ ಅವನನ್ನು ಹುಚ್ಚಾಸ್ಪತ್ರೆಯಲ್ಲಿಟ್ಟರು. ಮಗನಿಗೆ ಬುದ್ಧಿ ನೆಟ್ಟಗಿಲ್ಲವೆಂದು ನ್ಯಾಯಾಲಯದಿಂದ ನಿರ್ಣಯ ಪಡೆದು ತಂದೆಯೇ ಪಾಲಕನಾದನು. ಜರ್ಮನಿಯ ತರುಣ ಬರಹಗಾರರು ಇದರ ವಿರುದ್ಧ ದೊಡ್ಡ ಗದ್ದಲವೆಬ್ಬಿಸಿದರು. ಮ್ಯೂನಿಕ್ಕಿನ ಒಂದು ಪತ್ರಿಕೆ ಓಟೋನಿಗಾಗಿ ವಿಶೇಷ ಸಂಚಿಕೆಯನ್ನೇ ತಂದಿತು. ೧೯೧೪ರ ಜುಲೈಯಲ್ಲಿ ಅವನ ಬಿಡುಗಡೆಯಾಯಿತು.

ತಂದೆ ಕ್ರೂರಿಯೆಂದು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಮಗನ ಕೈಗೆ ಸಿಕ್ಕ ವಿಷ ಅವನನ್ನು ತಿನ್ನುತ್ತಿದ್ದುದು ನಿಜ. ಯಾವ ತಂದೆಯಾದರೂ ಹೆದರುತ್ತಿದ್ದನು. ಆದರೆ ಸಾಕ್ಷಿಯು ತನಗೆ ಬೇಕಾದುದನ್ನೇ ಕಾಣುತ್ತಾನೆಂದು ನ್ಯಾಯಾಧೀಶರಿಗೆಲ್ಲ ಪಾಠ ಹೇಳಿದವನು, ತನ್ನ ಮಗನ ಮೊಕದ್ದಮೆಯಲ್ಲಿ ದೂರುಗಾರನೂ ಸಾಕ್ಷಿಯೂ ತೀರ್ಪಿನ ಬಳಿಕ ಕಾವಲುಗಾರನೂ ತಾನೇ ಆದನು. ಆ ಚೀಲದಲ್ಲಿ ಪರರ ಮಕ್ಕಳಿಗಾಗಿ ಮಿಠಾಯಿ ಇಟ್ಟುಕೊಂಡು ತಿರುಗಿದವನು ಅವನೇ.

ಹಾನ್ಸ್ ಗ್ರೋಸನು ೧೯೧೫ನೆಯ ಡಿಸೆಂಬರ್ ೯ರಂದು, ಮಹಾಯುದ್ಧದ ನಡುವೆ, ಗ್ರಾಟ್ಸ್‌ನಲ್ಲಿ ತೀರಿಕೊಂಡನು. ಓಟೋ ಐದು ವರ್ಷಗಳೊಳಗಾಗಿ, ೧೯೨೦ರ ಫೆಬ್ರವರಿಯಲ್ಲಿ, ಬರ್ಲಿನ್ನಿನಲ್ಲಿ ಸತ್ತನು.

ಈ ಚರಿತ್ರೆಯನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳಿದ್ದೇನೆ. ಜಿಪ್ಸಿಗಳ ಅಧ್ಯಾಯದ ಮಾತು ಬಂದಾಗ ಅವನು ಅಷ್ಟೇನೂ ಆಶ್ಚರ್ಯಪಡಲಿಲ್ಲ. ತಂದೆ ಮಗನನ್ನು ಹಿಡಿಸಿದ ಮಾತಿಗೆ ಮಾತ್ರ ತಲೆಯಲ್ಲಾಡಿಸುತ್ತ ಬಹಳ ಹೊತ್ತು ಕುಳಿತನು. ಧಾರವಾಡದ ಎಂ.ಎ.ಗೆ ಅರ್ಜಿ ಹಾಕಬೇಕೆಂದಿದ್ದೇನೆ, ಈ ಸಲ ಗುರುತನ್ನು ನೋಡಿಯೇ ಹಾಕುತ್ತೇನೆ ಎಂದು ಅವನಿಗೆ ತಿಳಿಸಿದೆನು. ಅವನು ಹೂಂ ಎನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅಂಗಿ ಬಡಿದು ಧೂಳು ನೋಡಿದ ಕಥೆಯನ್ನು ಇನ್ನೊಮ್ಮೆ ಹೇಳೆಂದನು.