ಲಾಗ್ ಟೇಬಲ್ ಕೊಟ್ಟವನ ಇನ್ನೊಂದು ಲೆಕ್ಕ

ಪಿಯುಸಿ ಲ್ಯಾಬ್‌ನಲ್ಲಿ ಲಾಗ್ ಟೇಬಲ್ ತಿರುವಿಹಾಕಿದ ನಮಗೆಲ್ಲ ಜಾನ್ ನೇಪಿಯರ್ ಹೆಸರು ಗೊತ್ತು. ಆದ್ರೆ ಆತನಿಗೆ ಮೊದಲು ಹೆಸರು ತಂದದ್ದು ಲಾಗರಿದಮ್ ಅಲ್ಲ, ಲೋಕ ಯಾವಾಗ ಮುಗಿಯುತ್ತೆ ಅನ್ನೋ ಲೆಕ್ಕ!

1550ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರ, ಮರ್ಚಿಸ್ಟನ್ ಕೋಟೆಯಲ್ಲಿ ಹುಟ್ಟಿದ. 13ನೇ ವಯಸ್ಸಿಗೇ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಬೈಬಲ್‌ನ ಕೊನೆಯ ಪುಸ್ತಕ ‘ಪ್ರಕಟನೆ’ಯ ಬಗ್ಗೆ ಉಪದೇಶಗಳನ್ನು ಕೇಳಿದ. ಮೃಗ, ಏಳು ತುತೂರಿಗಳು, 1260 ದಿನಗಳು, ಇವೆಲ್ಲದರ ಅರ್ಥವೇನು ಅನ್ನೋ ಹುಳ ಆಗ ತಲೆಗೆ ಹೊಕ್ಕಿದ್ದು ಮತ್ತೆ ಹೋಗಲೇ ಇಲ್ಲ.

ಸ್ಕಾಟ್ಲೆಂಡ್ 1560ರಲ್ಲಿ ಪ್ರೊಟೆಸ್ಟಂಟ್ ಆಗಿತ್ತು. 1588ರಲ್ಲಿ ಕ್ಯಾಥೋಲಿಕ್ ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ಬಂದು ಸೋತಿದ್ದರೂ ಭಯ ಹೋಗಿರಲಿಲ್ಲ. ಇಂಥ ಹೊತ್ತಲ್ಲಿ, 1593ರಲ್ಲಿ, ನೇಪಿಯರ್ ತನ್ನ ವ್ಯಾಖ್ಯಾನ ಪ್ರಕಟಿಸಿ ರಾಜ ಆರನೇ ಜೇಮ್ಸ್‌ಗೆ ಅರ್ಪಿಸಿದ. ಯೂಕ್ಲಿಡ್ ಥರ ಮೊದಲು ಪ್ರಮೇಯ, ಆಮೇಲೆ ಪ್ರೂಫ್! ಭವಿಷ್ಯವಾಣಿಯ ಒಂದು ದಿನ ಅಂದ್ರೆ ಒಂದು ವರ್ಷ. ಒಂದೊಂದು ತುತೂರಿಗೆ 245 ವರ್ಷ. ಕ್ರಿಸ್ತವಿರೋಧಿ ಅಂದ್ರೆ ಪೋಪ್. ಲೋಕಾಂತ್ಯ 1688ರಿಂದ 1700ರ ಒಳಗೆ. ಪುಸ್ತಕ ಡಚ್, ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹೋಯ್ತು.

ಅದೇ ಪುಟಗಳನ್ನು ಬೇರೆಯವರು ಬೇರೆ ಥರ ಓದಿದರು. ಸ್ಪೇನಿನ ಜೆಸ್ವಿಟ್ ಪಾದ್ರಿ ರಿಬೇರಾ ಪ್ರಕಾರ ಬಹುಪಾಲು ಘಟನೆಗಳು ಇನ್ನೂ ನಡೆದೇ ಇಲ್ಲ, ಲೋಕಾಂತ್ಯಕ್ಕೆ ಸ್ವಲ್ಪ ಮುಂಚೆ ನಡೀತವೆ. ಇನ್ನೊಬ್ಬ ಜೆಸ್ವಿಟ್ ಅಲ್ಕಾಜಾರ್ ಪ್ರಕಾರ ಬಹುಪಾಲು ಮೊದಲ ಶತಮಾನಗಳಲ್ಲೇ ಮುಗಿದುಹೋಗಿವೆ. ಎರಡರಲ್ಲೂ ಆಗಿನ ಪೋಪ್ ಬಚಾವ್, ಗಮನಿಸಿ. ಇವರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಸಂತ ಅಗಸ್ಟೀನ್, ಅಲ್ಲಿ ಹೇಳಿರೋ ಸಾವಿರ ವರ್ಷದ ಆಳ್ವಿಕೆ ಎಣಿಸೋ ಸಂಖ್ಯೆಯಲ್ಲ, ಸಭೆಯ ಇಡೀ ಕಾಲದ ಸಂಕೇತ ಅಂದಿದ್ದ.

ನಮಗನ್ಸೋದು, ನೇಪಿಯರ್ ಕೂಡಿ ಕಳೆದದ್ದರಲ್ಲಿ ತೊಂದರೆ ಇರಲಿಲ್ಲ. ಪೋಪ್ ಯಾರು, ದಿನ ಅಂದ್ರೇನು ಅನ್ನೋದು ಕೂಡೋಕೆ ಮುಂಚೇನೇ ತೀರ್ಮಾನ ಆಗಿತ್ತು. ಅದನ್ನ ಒಪ್ಪದವರಿಗೆ ಆ ಪ್ರೂಫ್‌ನಿಂದ ಏನೂ ಸಿಗಲ್ಲ.

ಇದರ ಮಧ್ಯೆಯೇ ಸುಮಾರು 20 ವರ್ಷ ಲಾಗರಿದಮ್ ಕೆಲಸವೂ ನಡೀತು. 1614ರಲ್ಲಿ ಅದು ಅಚ್ಚಾಯ್ತು. ಅಲ್ಕಾಜಾರ್ ಪುಸ್ತಕ ಬಂದದ್ದೂ ಅದೇ ವರ್ಷ! ಮರುವರ್ಷ ಲಂಡನ್‌ನಿಂದ ಗಣಿತದ ಪ್ರೊಫೆಸರ್ ಹೆನ್ರಿ ಬ್ರಿಗ್ಸ್ ನೇಪಿಯರ್‌ನ ಹುಡುಕಿಕೊಂಡು ಬಂದು, ಕೂತು ಚರ್ಚೆ ಮಾಡಿದ. 10ರ ಆಧಾರದ ಲಾಗ್ ಹುಟ್ಟಿದ್ದು ಹಾಗೆ. ನೇಪಿಯರ್‌ನ ಕೋಷ್ಟಕದಲ್ಲೂ ಸಣ್ಣ ತಪ್ಪುಗಳಿದ್ದವು, ಆದ್ರೆ ಯಾರು ಬೇಕಾದ್ರೂ ಮತ್ತೆ ಲೆಕ್ಕ ಹಾಕಿ ತಿದ್ದಬಹುದಿತ್ತು. ಲೋಕಾಂತ್ಯದ ಲೆಕ್ಕಕ್ಕೆ ಮಾತ್ರ 1700ರ ತನಕ ಕಾಯಬೇಕಿತ್ತು.

ನೇಪಿಯರ್ 1617ರಲ್ಲಿ ತೀರಿಕೊಂಡ. 1688ಕ್ಕೆ ಇನ್ನೂ 71 ವರ್ಷ ಬಾಕಿ ಇತ್ತು.