ಮೆಜೆಸ್ಟಿಕ್ ಬಸ್ ನಿಲ್ದಾಣದ ಕೆಳಗಿನ ಕೆರೆ

ಮಕ್ಕಳೇ, ಅಮೆರಿಕ, ಕೆನಡಾಗಳ ದೊಡ್ಡ ಸರೋವರಗಳನ್ನು ಹಿಮನದಿಗಳು ಕೊರೆದಿಟ್ಟವು ಎಂದು ನೀವು ಶಾಲೆಯಲ್ಲಿ ಓದಿರುತ್ತೀರಿ. ಅದೇ ಕಣ್ಣಿನಿಂದ ಬೆಂಗಳೂರಿನ ಹಲಸೂರು ಕೆರೆಯನ್ನೋ ಅಗರದ ಕೆರೆಯನ್ನೋ ನೋಡಿದರೆ ಮೋಸ ಹೋಗುತ್ತೀರಿ. ಅವು ತಾವಾಗಿ ಆದವಲ್ಲ, ಜನ ಮಣ್ಣು ಹೊತ್ತು ಕಟ್ಟಿದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಈ ಊರಿಗೆ ದೊಡ್ಡ ನದಿಯಿಲ್ಲ. ಬಿದ್ದ ಮಳೆ ಪಶ್ಚಿಮಕ್ಕೆ ಇಳಿದರೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯ ಪಾಲು. ಪೂರ್ವಕ್ಕೆ ಇಳಿದರೆ ದಕ್ಷಿಣ ಪಿನಾಕಿನಿಯ ಪಾಲು. ಹೀಗೆ ಕೈತಪ್ಪುವ ನೀರಿಗೆ ರೈತರು ಅಡ್ಡಲಾಗಿ ಏರಿ ಹಾಕಿದರು. ಗದ್ದೆಗೆ ನೀರು ಬಿಡಲು ತೂಬು ಇಟ್ಟರು, ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಕೋಡಿ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಏರಿ ಎಷ್ಟು ಗಟ್ಟಿಯಿದ್ದರೂ ಈ ಏರ್ಪಾಡಿಲ್ಲದೆ ಕೆರೆ ಉಳಿಯುತ್ತಿರಲಿಲ್ಲ ಎನ್ನುವುದು ನನ್ನ ಎಣಿಕೆ.

ಇದನ್ನೆಲ್ಲ ಕೆಂಪೇಗೌಡರೇ ಮಾಡಿಸಿದ್ದಲ್ಲವೇ ಎಂದು ಕೇಳುವವರಿದ್ದಾರೆ. 16ನೇ ಶತಮಾನದಲ್ಲಿ ಪೇಟೆ ಕಟ್ಟಿದ ಅವರ ಹೆಸರಿನೊಂದಿಗೆ ಹಲವು ಕೆರೆಗಳು ಸೇರಿಕೊಂಡಿರುವುದು ನಿಜ. ಆದರೆ ಅಗರದಲ್ಲಿ ಸಿಕ್ಕ ಗಂಗರ ಕಾಲದ ಶಾಸನ ಅವರಿಗಿಂತ ನೂರಾರು ವರ್ಷ ಮೊದಲೇ ಕೆರೆ, ತೂಬುಗಳ ಮಾತಾಡುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವೂ ಕೆರೆಯ ವಿಷಯದ್ದೇ. ಅದು 4ನೇ ಶತಮಾನದ್ದು. ಅರಸರ ಹೆಸರು ಕಲ್ಲಿನ ಮೇಲೆ ಉಳಿಯಿತು. ಪ್ರತಿ ಬೇಸಿಗೆಯಲ್ಲೂ ಹೂಳು ಎತ್ತಿದವರ ಹೆಸರನ್ನು ಯಾರು ಕೆತ್ತಿಸಿಯಾರು?

ಇನ್ನೊಂದು ಆಕ್ಷೇಪ ಸ್ವಲ್ಪ ಗಟ್ಟಿಯಾದದ್ದು. ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಮುಚ್ಚಿದರೆ ತಪ್ಪೇನು? ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನಲ್ಲಿ ಬರುತ್ತಿದೆಯಲ್ಲ? ಹೀಗೆ ಮುಚ್ಚಿಯೇ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಊರು ಬೆಳೆದಾಗ ಬಸ್ಸಿಗೂ ಆಟಕ್ಕೂ ಜಾಗ ಬೇಕು, ಒಪ್ಪೋಣ. ಆದರೆ ಜನ ಕಟ್ಟಿದ್ದು ಏರಿಯನ್ನು ಮಾತ್ರ, ಇಳಿಜಾರನ್ನಲ್ಲ. ಏರಿ ಹೋದರೂ ಮಳೆನೀರು ಹಳೆಯ ದಾರಿಯಲ್ಲೇ ಇಳಿಯುತ್ತದೆ. 2022ರಲ್ಲಿ ಬೆಳ್ಳಂದೂರಿನ ಕಡೆಯ ಬಡಾವಣೆಗಳಲ್ಲಿ ಜನ ದೋಣಿ, ಟ್ರಾಕ್ಟರುಗಳಲ್ಲಿ ಹೊರಬಂದದ್ದನ್ನು ನಿಮ್ಮ ಅಪ್ಪ ಅಮ್ಮ ಸುದ್ದಿಯಲ್ಲಿ ನೋಡಿರಬಹುದು. ಕೆರೆ ಮುಚ್ಚಿದವರು ಮರೆತರೂ ಅದನ್ನು ಮರೆಯದ ಜನರೂ ಇದ್ದಾರೆ. ಕೆರೆ ನೀರಿನಲ್ಲಿ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳರು ಚೈತ್ರದ ಹುಣ್ಣಿಮೆಗೆ ನಡೆಸುವ ಕರಗಕ್ಕೆ ಸಂಪಂಗಿ ಕೆರೆಯ ನಂಟಿದೆ. ಕ್ರೀಡಾಂಗಣದ ಪಕ್ಕದಲ್ಲಿ ಆ ಕೆರೆಯ ಒಂದು ತುಣುಕು ಉಳಿದಿರುವುದು ಈ ಆಚರಣೆಗಾಗಿಯೇ. ಅದನ್ನು ಉಳಿಸಿಕೊಟ್ಟದ್ದು ಯಾವ ಯೋಜನೆಯೂ ಅಲ್ಲ, ಒಂದು ಹಬ್ಬ.