ಮಿದುಳಿನ ರೋಗಕ್ಕೆ ಕಾರಣ ಹುಡುಕಲು ಹೊರಟ ವೈದ್ಯ ಡಾ. ಎಂ.ವಿ. ಗೋವಿಂದಸ್ವಾಮಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಯಾರಿಗಾದರೂ ಲಕ್ವ ಹೊಡೆದರೆ, ಪದೇ ಪದೇ ಫಿಟ್ಸ್ ಬಂದರೆ ಅಥವಾ ಮನಸ್ಸಿನ ಸ್ಥಿಮಿತ ತಪ್ಪಿದರೆ ಮನೆಯವರ ಮಾತಿನಲ್ಲಿ ಒಂದಲ್ಲ ಒಂದು ಹಂತದಲ್ಲಿ ನಿಮ್ಹಾನ್ಸ್ ಹೆಸರು ಬಂದೇ ಬರುತ್ತದೆ. ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ, ಬೆಳಗಾಗುವ ಮುನ್ನವೇ ಹೊಸೂರು ರಸ್ತೆಯ ಆ ಆವರಣದಲ್ಲಿ ಸರತಿಗೆ ನಿಲ್ಲುವವರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಆ ಸಂಸ್ಥೆಗೆ ಬುನಾದಿ ಹಾಕಿದ ಹಿರಿಯರ ಸಾಲಿನಲ್ಲಿ ಮೊದಲಿಗೆ ನಿಲ್ಲುವವರು ಡಾ. ಎಂ.ವಿ. ಗೋವಿಂದಸ್ವಾಮಿ.

ಮನೋವೈದ್ಯರ ವಲಯದಲ್ಲಿ ಅವರದು ಇಂದಿಗೂ ಗೌರವದ ಹೆಸರು. ಆದರೆ ಅವರ ಬದುಕನ್ನು ಬರೀ ಹೊಗಳಿಕೆಯಲ್ಲಿ ಮುಗಿಸುವಂತಿಲ್ಲ. ಇಂದು ವೈದ್ಯಲೋಕ ಕೈಬಿಟ್ಟಿರುವ ಕೆಲವು ಚಿಕಿತ್ಸೆಗಳನ್ನು ಭಾರತದಲ್ಲಿ ಮೊದಲಿಗೆ ಪ್ರಯೋಗಿಸಿದವರಲ್ಲಿ ಅವರೂ ಒಬ್ಬರು. ರೋಗದ ಕಾರಣವನ್ನು ಅರಿಯದೆ ಚಿಕಿತ್ಸೆ ನೀಡಬೇಕಾದ ಕಾಲದಲ್ಲಿ ವೃತ್ತಿ ಆರಂಭಿಸಿ, ಆ ಕಾರಣವನ್ನು ಹುಡುಕುವ ಸಂಸ್ಥೆಯೊಂದನ್ನು ಕಟ್ಟಿ ನಿರ್ಗಮಿಸಿದ ವೈದ್ಯರ ಕಥೆ ಇದು.

ಹುಚ್ಚಾಸ್ಪತ್ರೆಯಿಂದ ಮಾನಸಿಕ ಆಸ್ಪತ್ರೆಗೆ

ಗೋವಿಂದಸ್ವಾಮಿ ಜನಿಸಿದ್ದು 1904ರಲ್ಲಿ. ವೈದ್ಯಶಾಸ್ತ್ರದಷ್ಟೇ ಮನಶ್ಶಾಸ್ತ್ರ ಮತ್ತು ತತ್ವಶಾಸ್ತ್ರದಲ್ಲೂ ಒಲವಿದ್ದ ಅವರು ವೈದ್ಯರಾಗಿ ಆರಿಸಿಕೊಂಡದ್ದು ಆ ಕಾಲದಲ್ಲಿ ಹೆಚ್ಚಿನವರು ಹಿಂದೇಟು ಹಾಕುತ್ತಿದ್ದ ಕ್ಷೇತ್ರವನ್ನು.

ಬೆಂಗಳೂರಿನ ಪೇಟೆಯಲ್ಲಿ ಬ್ರಿಟಿಷ್ ಕಮಿಷನರ್ ಆಡಳಿತದ ಅವಧಿಯಲ್ಲಿ, ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಬದಲಾದದ್ದು ಹೆಸರಷ್ಟೇ ಅಲ್ಲ. ಮಂಗಳೂರು ಮೂಲದ ಡಾ. ಫ್ರಾಂಕ್ ನೊರೊನ್ಹಾ ಅಧೀಕ್ಷಕರಾಗಿದ್ದ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ದಿನಗಳವು. 1930ರ ದಶಕದಲ್ಲಿ ಆಸ್ಪತ್ರೆಯು ಪೇಟೆಯ ಇಕ್ಕಟ್ಟಿನಿಂದ ಲಾಲ್‌ಬಾಗ್‌ಗೆ ಅನತಿ ದೂರದ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು. ಮರಗಿಡಗಳ ನಡುವೆ ಗಾಳಿ ಬೆಳಕು ಧಾರಾಳವಾಗಿರುವ ವಾರ್ಡುಗಳು ಎದ್ದುನಿಂತವು. ಮನೋರೋಗಿಯನ್ನು ಕೂಡಿಹಾಕುವ ಬದಲು ಉಪಚರಿಸಬೇಕು ಎಂಬ ವಿಚಾರ ಕಟ್ಟಡದ ರೂಪದಲ್ಲೇ ಕಾಣುತ್ತಿತ್ತು.

ಈ ವಾತಾವರಣಕ್ಕೆ ಬಂದವರು ಗೋವಿಂದಸ್ವಾಮಿ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಹಾಗೂ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವರು ತರಬೇತಿ ಪಡೆದರು. ಜಾನ್ಸ್ ಹಾಪ್ಕಿನ್ಸ್‌ನ ಮನೋವೈದ್ಯ ವಿಭಾಗ ಆಗ ಅಡಾಲ್ಫ್ ಮೇಯರ್ ಅವರ ನೇತೃತ್ವದಲ್ಲಿತ್ತು. ರೋಗಿಯ ದೇಹ, ಮನಸ್ಸು, ಕುಟುಂಬ, ಬದುಕಿನ ಏರಿಳಿತ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬುದು ಮೇಯರ್ ಪಂಥದ ನಿಲುವು. ಸ್ವದೇಶಕ್ಕೆ ಮರಳಿದ ಗೋವಿಂದಸ್ವಾಮಿ ಮುಂದೆ ನೊರೊನ್ಹಾ ಅವರ ಉತ್ತರಾಧಿಕಾರಿಯಾಗಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು.

ಮಿದುಳೇ ಮೂಲ ಎಂಬ ಸಾಕ್ಷ್ಯ

ಆ ಹೊತ್ತಿಗೆ ವೈದ್ಯಲೋಕದ ಕೈಯಲ್ಲಿ ಒಂದು ಬಲವಾದ ಸಾಕ್ಷ್ಯವಿತ್ತು. ಜಗತ್ತಿನ ಹುಚ್ಚಾಸ್ಪತ್ರೆಗಳಲ್ಲಿ ತುಂಬಿದ್ದ ಒಂದು ವರ್ಗದ ರೋಗಿಗಳಲ್ಲಿ ಬುದ್ಧಿಭ್ರಮಣೆಯ ಜೊತೆಗೆ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. 1913ರಲ್ಲಿ ಜಪಾನಿ ವಿಜ್ಞಾನಿ ಹಿದೆಯೊ ನೊಗುಚಿ ಇಂಥವರ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನೇ ಪತ್ತೆಹಚ್ಚಿದರು. ದೆವ್ವದ ಕಾಟವೆಂದೂ ಪೂರ್ವಜನ್ಮದ ಪಾಪವೆಂದೂ ಜನ ನಂಬಿದ್ದ ಕಾಯಿಲೆಗೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಕಾರಣವೊಂದು ದೊರೆತಿತ್ತು. ಪೆನ್ಸಿಲಿನ್ ಬಂದ ಮೇಲೆ ಆ ರೋಗ ವಾರ್ಡುಗಳಿಂದ ಬಹುಮಟ್ಟಿಗೆ ಮರೆಯಾಯಿತು.

ಉಳಿದ ಮನೋರೋಗಗಳಿಗೂ ಇಂಥದೇ ಕಾರಣ ಇರಬೇಕಲ್ಲವೇ? ಆ ತಲೆಮಾರಿನ ಮನೋವೈದ್ಯರನ್ನು ಕಾಡಿದ ಪ್ರಶ್ನೆ ಇದು. ಉತ್ತರ ಸಿಗುವ ತನಕ ಕಾಯುವಂತಿರಲಿಲ್ಲ. ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆಗಳಿಗೆ ಔಷಧವೇ ಇರದಿದ್ದ ಕಾಲವದು. ಒಳಗೆ ಬಂದ ರೋಗಿಗಳಲ್ಲಿ ಅನೇಕರು ಜೀವಮಾನವಿಡೀ ಹೊರಗೆ ಹೋಗುತ್ತಿರಲಿಲ್ಲ. ಮನೆಯವರು ಕ್ರಮೇಣ ನೋಡಲು ಬರುವುದನ್ನೂ ನಿಲ್ಲಿಸುತ್ತಿದ್ದರು.

ಕಾರಣ ಅರಿಯದ ಕಾಲದ ಚಿಕಿತ್ಸೆ

ಹಂಗೆರಿಯ ಮೆಡೂನಾ ಎಂಬ ವೈದ್ಯರು 1934ರಲ್ಲಿ ಒಂದು ವಾದ ಮುಂದಿಟ್ಟರು. ಮೂರ್ಛೆರೋಗ ಇರುವಲ್ಲಿ ಸ್ಕಿಜೋಫ್ರೇನಿಯಾ ಇರುವುದಿಲ್ಲ, ಆದ್ದರಿಂದ ಕೃತಕವಾಗಿ ಸೆಳವು ಬರಿಸಿದರೆ ಸ್ಕಿಜೋಫ್ರೇನಿಯಾ ಇಳಿಯಬಹುದು ಎಂಬುದು ಅದರ ಸಾರ. ಇದಕ್ಕೆ ಮೊದಲು ಕರ್ಪೂರದ ಚುಚ್ಚುಮದ್ದು, ಬಳಿಕ ಕಾರ್ಡಿಯಜಾಲ್ ಎಂಬ ಔಷಧ ಬಳಕೆಗೆ ಬಂದವು. 1938ರಲ್ಲಿ ಇಟಲಿಯ ವೈದ್ಯರು ಇದೇ ಉದ್ದೇಶಕ್ಕೆ ವಿದ್ಯುತ್ ಬಳಸಿದರು. ಈ ಚಿಕಿತ್ಸೆಗಳು ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೂ ತಲುಪಿದವು. ಯುರೋಪಿನಲ್ಲಿ ಹೊಸದಾಗಿ ಬಂದದ್ದನ್ನು ಪರೀಕ್ಷಿಸಿ ನೋಡುವುದರಲ್ಲಿ ಗೋವಿಂದಸ್ವಾಮಿ ತಡ ಮಾಡುತ್ತಿರಲಿಲ್ಲ.

ಮೆಡೂನಾ ಅವರ ವಾದ ತಪ್ಪೆಂದು ನಂತರ ಸಾಬೀತಾಯಿತು. ಎರಡೂ ರೋಗಗಳು ಒಬ್ಬರಲ್ಲೇ ಇರಬಲ್ಲವು. ಆದರೂ ವಿದ್ಯುತ್ ಚಿಕಿತ್ಸೆ ತೀವ್ರ ಖಿನ್ನತೆಯಲ್ಲಿ ಗುಣ ಕೊಡುತ್ತದೆಂಬುದು ಅನುಭವದಿಂದ ದೃಢಪಟ್ಟಿತು. ಅರಿವಳಿಕೆ ಕೊಟ್ಟು ನೀಡುವ ಸುರಕ್ಷಿತ ರೂಪದಲ್ಲಿ ಅದು ಇಂದಿಗೂ ಉಳಿದಿದೆ.

ಇನ್ನೊಂದು ಪ್ರಯೋಗದ ಕಥೆ ಬೇರೆ. ಪೋರ್ಚುಗಲ್‌ನ ಎಗಾಸ್ ಮೋನಿಜ್ 1935ರಲ್ಲಿ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ ಆರಂಭಿಸಿದರು. ಉದ್ವೇಗ, ಆಕ್ರಮಣಶೀಲತೆ ತಗ್ಗುತ್ತದೆ ಎಂಬ ವರದಿಗಳ ಬೆನ್ನಿಗೇ ಅದು ಜಗತ್ತಿನಾದ್ಯಂತ ಹಬ್ಬಿತು. ಗೋವಿಂದಸ್ವಾಮಿ ಅವರು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣರಾವ್ ಅವರೊಡಗೂಡಿ ಬೆಂಗಳೂರಿನಲ್ಲಿ ಈ ಶಸ್ತ್ರಕ್ರಿಯೆ ಕೈಗೊಂಡರು. ಭಾರತೀಯ ರೋಗಿಗಳ ಮೇಲಿನ ತಮ್ಮ ಅನುಭವವನ್ನು ಇಬ್ಬರೂ ಲಂಡನ್ನಿನ ಪ್ರತಿಷ್ಠಿತ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ 1944ರಲ್ಲಿ ಪ್ರಕಟಿಸಿದರು. ಮಹಾಯುದ್ಧದ ನಡುವೆ ದೇಶೀ ಸಂಸ್ಥಾನವೊಂದರ ಆಸ್ಪತ್ರೆಯಿಂದ ಅಂಥ ಪತ್ರಿಕೆಗೆ ಪ್ರಬಂಧ ಹೋಗುವುದು ಸಣ್ಣ ಮಾತಾಗಿರಲಿಲ್ಲ.

ಮೋನಿಜ್ ಅವರಿಗೆ 1949ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು. ಆದರೆ ಶಸ್ತ್ರಕ್ರಿಯೆಗೆ ಒಳಗಾದ ಎಷ್ಟೋ ರೋಗಿಗಳು ಉದ್ವೇಗದ ಜೊತೆಗೆ ತಮ್ಮ ಉತ್ಸಾಹ, ಆಸಕ್ತಿ, ವ್ಯಕ್ತಿತ್ವವನ್ನೂ ಕಳೆದುಕೊಂಡರು. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಬಂದ ನಂತರ ಈ ಶಸ್ತ್ರಕ್ರಿಯೆ ಹಿಂದೆ ಸರಿಯತೊಡಗಿತು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆ ಮತ್ತು ಸಂಬಂಧಿಸಿದ ಮಂಡಳಿಯ ಅನುಮತಿ ಇಲ್ಲದೆ ಮನೋರೋಗಕ್ಕಾಗಿ ಮಿದುಳಿನ ಶಸ್ತ್ರಕ್ರಿಯೆ ಮಾಡುವಂತಿಲ್ಲ. ಅರಿವಳಿಕೆ ಇಲ್ಲದ ವಿದ್ಯುತ್ ಚಿಕಿತ್ಸೆಗೂ ಅದೇ ಕಾಯ್ದೆ ನಿಷೇಧ ಹೇರಿದೆ.

ಈ ಅಧ್ಯಾಯವನ್ನು ಗೋವಿಂದಸ್ವಾಮಿ ಅವರ ಬದುಕಿನಿಂದ ಅಳಿಸಿ ಅವರನ್ನು ಸ್ಮರಿಸುವುದು ಸರಿಯಲ್ಲ. ಇಂದಿನ ಅರಿವನ್ನು ಹಿಡಿದು ಅಂದಿನವರನ್ನು ಕಟಕಟೆಗೆ ನಿಲ್ಲಿಸುವುದೂ ನ್ಯಾಯವಲ್ಲ. ಮಿದುಳಿನ ಒಳಗೆ ಏನು ಕೆಟ್ಟಿದೆ ಎಂಬುದು ತಿಳಿಯದೆ ಅದನ್ನು ಸರಿಪಡಿಸಲು ಹೊರಟರೆ ಯಾವ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಆ ದಶಕ ಸಾಕ್ಷಿಯಾಗಿದೆ. ಆ ಬೆಲೆ ತೆತ್ತವರು ಹೆಸರಿಲ್ಲದ ರೋಗಿಗಳು.

ರಾಷ್ಟ್ರೀಯ ಸಂಸ್ಥೆಯ ಉದಯ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯು ದೇಶದ ಮಾನಸಿಕ ಆರೋಗ್ಯ ಸೇವೆಯ ದುಃಸ್ಥಿತಿಯತ್ತ ಬೊಟ್ಟು ಮಾಡಿತು. ತರಬೇತಿ ಪಡೆದ ಮನೋವೈದ್ಯರ ಸಂಖ್ಯೆ ತೀರ ಕಡಿಮೆಯಿತ್ತು. ಅಂಥವರನ್ನು ಇಲ್ಲಿಯೇ ಸಿದ್ಧಪಡಿಸುವ ಸಂಸ್ಥೆ ಬೇಕೆಂಬ ಚಿಂತನೆ ಬಲಗೊಂಡಿತು. ಕೇಂದ್ರ ಸರ್ಕಾರ ಇದಕ್ಕೆ ಬೆಂಗಳೂರನ್ನು ಆರಿಸಿತು. ಮೈಸೂರಿನ ಮಾನಸಿಕ ಆಸ್ಪತ್ರೆ ಅದಾಗಲೇ ಗಳಿಸಿದ್ದ ಹೆಸರು ಇದಕ್ಕೆ ನೆರವಾಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂದಾಗ ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು.

ಮನೋವೈದ್ಯರಿಗೆ ಡಿಪ್ಲೊಮಾ, ಮನಶ್ಶಾಸ್ತ್ರಜ್ಞರಿಗೆ ಪ್ರತ್ಯೇಕ ಡಿಪ್ಲೊಮಾ ಆರಂಭವಾದವು. ಹಿಟ್ಲರನ ಜರ್ಮನಿಯನ್ನು ತೊರೆದು ಇಂಗ್ಲೆಂಡ್ ಸೇರಿದ್ದ ಹೆಸರಾಂತ ಮನೋವೈದ್ಯ ವಿಲ್ಲಿ ಮೇಯರ್-ಗ್ರಾಸ್ 1950ರ ದಶಕದಲ್ಲಿ ಇಲ್ಲಿಗೆ ಬಂದು ಬೋಧಿಸಿದರು. ಅದೇ ದಶಕದ ಕೊನೆಯ ಹೊತ್ತಿಗೆ ನರಶಸ್ತ್ರಚಿಕಿತ್ಸೆಯೂ ಸೇರಿಕೊಂಡಿತು. ಮುಂದೆ ನಿಮ್ಹಾನ್ಸ್ ಸಂಸ್ಥಾಪಕ ನಿರ್ದೇಶಕರೆಂದು ಹೆಸರಾದ ಡಾ. ಆರ್. ಮಾರ್ತಾಂಡ ವರ್ಮ ಆ ವಿಭಾಗವನ್ನು ಬೆಳೆಸಿದರು. ಮನಸ್ಸನ್ನು ನೋಡುವವರು, ನರಗಳನ್ನು ನೋಡುವವರು, ಮಿದುಳನ್ನು ತೆರೆದು ನೋಡುವವರು ಒಂದೇ ಆವರಣದಲ್ಲಿ ಕೆಲಸ ಮಾಡುವ ಪದ್ಧತಿ ಬೇರೂರಿದ್ದು ಹೀಗೆ.

ಕೊಪ್ಪಳ ಸೀಮೆ ಆಗ ಈ ಭೂಪಟದಲ್ಲೇ ಇರಲಿಲ್ಲ. 1954ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಹತ್ತಿರದ ಧಾರವಾಡದಲ್ಲಿ ಹತ್ತೊಂಬತ್ತನೇ ಶತಮಾನದಿಂದಲೇ ಮಾನಸಿಕ ಆಸ್ಪತ್ರೆ ಇತ್ತಾದರೂ ಅದು ಮುಂಬೈ ರಾಜ್ಯದಲ್ಲಿತ್ತು. ಬೆಂಗಳೂರು ಈ ಭಾಗದ ಜನರಿಗೂ ರಾಜಧಾನಿಯಾದದ್ದು 1956ರ ನವೆಂಬರ್ 1ರಂದು.

ಸರ್ಪಗಂಧ ಕಲಿಸಿದ ಪಾಠ

ಗೋವಿಂದಸ್ವಾಮಿ ಅವರ ಆಸಕ್ತಿ ಪಾಶ್ಚಾತ್ಯ ವೈದ್ಯಕ್ಕೆ ಸೀಮಿತವಾಗಿರಲಿಲ್ಲ. ವ್ಯಕ್ತಿತ್ವ, ಮನಸ್ಸುಗಳ ಕುರಿತು ಭಾರತೀಯ ದರ್ಶನಗಳು ಹೇಳುವುದನ್ನು ಸಂಶೋಧನೆಗೆ ಒಳಪಡಿಸಬೇಕೆಂದು ಅವರು ಬರೆದರು. ನಂಬಿಕೆಯನ್ನೂ ಪರೀಕ್ಷೆಗೆ ಒಡ್ಡಬೇಕೆಂಬ ಈ ನಿಲುವು ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಅವರ ಕಾಲದಲ್ಲೇ ಒಂದು ನಿದರ್ಶನ ಒದಗಿತು.

ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರು ನಮ್ಮ ನಾಟಿವೈದ್ಯರಿಗೆ ಹೊಸತಲ್ಲ. ಅದು ರಕ್ತದೊತ್ತಡ ಹಾಗೂ ಉನ್ಮಾದವನ್ನು ತಗ್ಗಿಸುತ್ತದೆಂದು ಕೋಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ವರದಿ ಮಾಡಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಇದೇ ರೆಸರ್ಪಿನ್ ಕೊಟ್ಟಾಗ ಪ್ರಯೋಗಪ್ರಾಣಿಗಳು ಅಲುಗಾಡದೆ ಬಿದ್ದುಕೊಂಡವು. ಎಲ್-ಡೋಪಾ ಕೊಟ್ಟೊಡನೆ ಮತ್ತೆ ಚೇತರಿಸಿಕೊಂಡವು. ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಬರಿದಾಗುವುದೇ ಈ ಜಡತ್ವಕ್ಕೆ ಕಾರಣ ಎಂಬುದು ಹೊರಬಿತ್ತು. ಕೈ ನಡುಗಿ, ಹೆಜ್ಜೆ ಕಿತ್ತಿಡಲಾಗದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಇದೇ ಕೊರತೆ ಇದೆಯೆಂದು 1960ರಲ್ಲಿ ಕಂಡುಬಂತು. 1961ರಲ್ಲಿ ವಿಯೆನ್ನಾದ ವೈದ್ಯರು ಎಲ್-ಡೋಪಾದಿಂದ ಅಂಥ ರೋಗಿಗಳನ್ನು ಎಬ್ಬಿಸಿ ನಡೆಸಿದರು.

ಕಾರಣ ತಿಳಿದು ಮದ್ದು ಹುಡುಕುವ ದಾರಿ ತೆರೆದ ಆ 1961ರಲ್ಲೇ ಗೋವಿಂದಸ್ವಾಮಿ ನಿಧನರಾದರು. ವಯಸ್ಸು ಅರವತ್ತು ದಾಟಿರಲಿಲ್ಲ.

ಊರ ಬಾಗಿಲಿಗೆ ಬಂದ ಸೇವೆ

ಅವರು ಕಟ್ಟಿದ ಸಂಸ್ಥೆ ಮತ್ತು ಹಳೆಯ ಮಾನಸಿಕ ಆಸ್ಪತ್ರೆ 1974ರ ಡಿಸೆಂಬರ್‌ನಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1985ರಲ್ಲಿ ಅದು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ, ಕೆಲವೇ ಅಗತ್ಯ ಔಷಧಗಳಿಂದ ಮನೋರೋಗ ಮತ್ತು ಮೂರ್ಛೆರೋಗಕ್ಕೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡುವ ಯೋಜನೆ ಅದು. ಬಳ್ಳಾರಿ ಮಾದರಿ ಎಂದೇ ಹೆಸರಾದ ಅದನ್ನು ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ತುಂಗಭದ್ರೆಯ ಆಚೆ ದಡದಲ್ಲಿ ನಡೆದ ಪ್ರಯೋಗದ ಫಲ, 1997ರಲ್ಲಿ ಹೊಸ ಜಿಲ್ಲೆಯಾದ ಕೊಪ್ಪಳಕ್ಕೂ ದಕ್ಕಬೇಕಾದದ್ದು ಸಹಜವೇ ಆಗಿತ್ತು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯ ಉದ್ದೇಶವೂ ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳಿಗೆ ಜಿಲ್ಲಾ ಮಟ್ಟದಲ್ಲೇ ಆರೈಕೆ ಒದಗಿಸುವುದು.

ಇದರ ಅಗತ್ಯ ಏನೆಂಬುದನ್ನು ಪಾರ್ಶ್ವವಾಯುವೇ ಹೇಳುತ್ತದೆ. ಮಿದುಳಿನ ರಕ್ತನಾಳ ಮುಚ್ಚಿಹೋದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತನಾಳ ಒಡೆದು ಆದ ಪಾರ್ಶ್ವವಾಯುವಿಗೆ ಅದೇ ಮದ್ದು ಪ್ರಾಣಾಪಾಯ ತರುತ್ತದೆ. ಆದ್ದರಿಂದ ಮೊದಲು ಸ್ಕ್ಯಾನ್ ಆಗಬೇಕು, ಕಾರಣ ತಿಳಿಯಬೇಕು. ಕುಷ್ಟಗಿಯಿಂದಲೋ ಯಲಬುರ್ಗಾದಿಂದಲೋ ಹೊರಟ ರಾತ್ರಿ ಬಸ್ಸು ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರು ಮುಟ್ಟುವುದಿಲ್ಲ. ಮುಖ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಟಿ ಮದ್ದಿಗೂ ಹರಕೆಗೂ ಕಾಯದೆ ಸ್ಕ್ಯಾನ್ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮೃತರ ಕುಟುಂಬದವರು ದಾನವಾಗಿ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂರಕ್ಷಿಸಿ, ರೋಗ ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ ಎಂದು ಅಧ್ಯಯನ ಮಾಡಲಾಗುತ್ತದೆ. ಸ್ಕಿಜೋಫ್ರೇನಿಯಾದ ಪೂರ್ಣ ಕಾರಣ ಇನ್ನೂ ಕೈಗೆ ಸಿಕ್ಕಿಲ್ಲ. ಗೋವಿಂದಸ್ವಾಮಿ ಅವರ ತಲೆಮಾರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ, ಅವರು ಓಡಾಡಿದ ಅದೇ ಆವರಣದಲ್ಲಿ ಮುಂದುವರಿದಿದೆ.